ನಗು ಮೊದಲು, ಮಾತು ಆಮೇಲೆ

ಅಕ್ಟೋಬರ್ 5, ಭಾನುವಾರ

ತಾಯಿ ಸಪ್ಪಲಮ್ಮ, ನಿನ್ನ ಹೆಸರು ಹೇಳಿ ಮೊದಲನೇ ಪುಟ ಬರೀತಿದೀನಿ. ನನ್ನ ಕೈಲಿ ಸುಳ್ಳು ಬರೆಸಬೇಡ.

ಈ ನೋಟ್‌ಬುಕ್ಕು ಪಂಚಾಯ್ತಿ ಲೈಬ್ರರಿಯ ದಿವ್ಯ ಕೊಟ್ಟಿದ್ದು. ಪುಸ್ತಕ ವಾಪಸ್ ಕೊಡೋಕೆ ಹೋದಾಗಲೆಲ್ಲ ನಾನು ಅದರ ಕಥೆ ಹೇಳ್ತಾ ನಿಂತುಬಿಡ್ತೀನಂತೆ. "ಅಕ್ಕಾ, ನೀವು ಹೇಳೋದು ಚೆನ್ನಾಗಿರುತ್ತೆ, ಆದ್ರೆ ನನಗೆ ಬಸ್ಸು ತಪ್ಪಿಹೋಗುತ್ತೆ. ಓದಿದ್ದು, ಟಿವೀಲಿ ನೋಡಿದ್ದು, ಎಲ್ಲಿ ನಗು ಬಂತು, ಎಲ್ಲಿ ಬರಲಿಲ್ಲ, ಎಲ್ಲಾ ಇದರಲ್ಲಿ ಬರೀರಿ" ಅಂದಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಬರೀತೀನಿ, ಆದರೆ ಯಾರಿಗೂ ತೋರಿಸಲ್ಲ ಅಂತ ಹೇಳಿಯೇ ತಗೊಂಡೆ.

ಮೊದಲು ಪುಸ್ತಕ. ಹೆಸರು 'ಬೀಗರ ಬಸ್ಸು'. ಮದುವೆಗೆ ಹೊರಟ ಬಸ್ಸು ದಾರಿ ತಪ್ಪಿ ಬೇರೆ ಯಾರದೋ ಛತ್ರಕ್ಕೆ ಹೋಗುತ್ತೆ. ಎಲ್ಲರೂ ಇಳಿದು, ಊಟ ಮಾಡಿ, ಪಾಯಸ ಸರಿ ಇಲ್ಲ ಅಂತ ಜಗಳವನ್ನೂ ಆಡಿ, ಅಕ್ಷತೆ ಹಾಕೋಕೆ ಹೋದಾಗ ಗಂಡಿನ ಮುಖ ಬೇರೆ! ನಾನು ಸೊಪ್ಪು ಬಿಡಿಸ್ತಾ ಓದ್ತಿದ್ದೆ. ನಕ್ಕೂ ನಕ್ಕೂ ಕಡ್ಡಿ ಪಾತ್ರೆಗೆ, ಸೊಪ್ಪು ತಿಪ್ಪೆಗೆ ಹೋಯ್ತು. ಒಂದು ಮಾತ್ರ ಸರಿ ಬರಲಿಲ್ಲ. ಆ ಬಸ್ಸಲ್ಲಿ ಕಿಟಕಿ ಪಕ್ಕ ಒಬ್ಬ ಅಜ್ಜಿ ಕೂತಿರ್ತಾಳೆ. ಮೊದಲನೇ ಪುಟದಲ್ಲೇ ಬರ್ತಾಳೆ. ಕೊನೆವರೆಗೂ ಅವಳಿಗೆ ಒಬ್ಬರೂ ಊಟ ಆಯ್ತಾ ಅಂತ ಕೇಳಲ್ಲ. ಬರೆದವರು ಮರೆತುಬಿಟ್ಟಿದಾರೆ.

ಟಿವೀಲಿ ನಾನು ನೋಡೋದು 'ಕಿಲಕಿಲ ಕಟ್ಟೆ' ಒಂದೇ. ಶನಿವಾರ ಭಾನುವಾರ ಸಂಜೆ ಆರಕ್ಕೆ. ಅದು ದೀಪ ಹಚ್ಚೋ ಹೊತ್ತು. ಅದಕ್ಕೆ ಆ ಎರಡು ದಿನ ಕಾಲು ಗಂಟೆ ಮುಂಚೆ ಹಚ್ಚಿಬಿಡ್ತೀನಿ. ಸಪ್ಪಲಮ್ಮನಿಗೆ ಗೊತ್ತು, ಏನೂ ಅಂದ್ಕೊಳಲ್ಲ.

ಅಕ್ಟೋಬರ್ 11, ಶನಿವಾರ

ಗುರುವಾರ ಸಿಡಿಲು ಹೊಡೆದು ಟಿವಿ ಕೆಟ್ಟಿದೆ. ಚಿತ್ರ ಬರುತ್ತೆ, ಸೌಂಡು ಬರಲ್ಲ. ಯಜಮಾನ್ರು ಸೋಂಪುರದ ಫ್ಯಾಕ್ಟರೀಲಿ ಸ್ಟೋರ್ ನೋಡ್ಕೊಳ್ತಾರೆ. ಅಲ್ಲೇ ರೂಮು. ಭಾನುವಾರ ಬಂದು ಸೋಮವಾರ ಬೆಳಗ್ಗೆ ಹೋಗ್ತಾರೆ. ಅವರು ಬರೋವರೆಗೂ ಮೂಕಿ ಟಿವಿ.

ಆದರೂ ಆರಕ್ಕೆ ಹಾಕ್ಕೊಂಡು ಕೂತೆ. ಜನ ಬಾಯಿ ತೆಗೀತಾರೆ, ಮುಚ್ಚುತಾರೆ, ಹೊಟ್ಟೆ ಹಿಡ್ಕೊಳ್ತಾರೆ. ಕೆರೇಲಿ ಮೀನು ನೋಡಿದ ಹಾಗೆ. ಆಗ ಗೋಡೆಯಾಚೆಯಿಂದ ಅದೇ ಪ್ರೋಗ್ರಾಂ ಸಣ್ಣಗೆ ಕೇಳಿಸ್ತು. ಆಚೆ ಕಡೆ ನನ್ನ ವಾರಗಿತ್ತಿ ಶಾಮಲಾ ಮನೆ. ಒಂದೇ ಮನೆ ಅದು, ಭಾಗ ಆದಾಗ ನಡುಮನೆಗೆ ಅಡ್ಡ ಎಬ್ಬಿಸಿದ ನಾಲ್ಕಿಂಚಿನ ಗೋಡೆ. ಸೀನಿದರೂ ಕೇಳಿಸುತ್ತೆ.

ಅವಳ ಜೊತೆ ನನಗೆ ಮಾತಿಲ್ಲ. ನಾಲ್ಕು ವರ್ಷ ಆಯ್ತು. ಅದನ್ನ ಬರೆಯೋ ಬುಕ್ಕು ಇದಲ್ಲ.

ನಮ್ಮದು ಕೇಬಲ್ಲು, ಅವರದು ಡಿಶ್ಶು. ಅವರ ಸೌಂಡು ಒಂದು ಗಳಿಗೆ ಮುಂಚೆ ಬರುತ್ತೆ, ನಮ್ಮ ಚಿತ್ರ ಆಮೇಲೆ. ಆಚೆ ಜನ ಘೊಳ್ಳಂತ ನಕ್ಕ ಮೇಲೆ ನಮ್ಮ ಟಿವೀಲಿ ಅವನು ಜಾರಿ ಬೀಳ್ತಾನೆ. ಬೀಳ್ತಾನೆ ಅಂತ ಗೊತ್ತಿದ್ದೂ ನಗು ಬರುತ್ತೆ ನೋಡು, ಅದೇ ವಿಚಿತ್ರ.

ಅಕ್ಟೋಬರ್ 12, ಭಾನುವಾರ

ಯಜಮಾನ್ರು ಬಂದಿದ್ರು. ಟಿವಿ ಕೆಟ್ಟಿದ್ದನ್ನ ಜಗಲೀಲಿ ಕೂತು ತಮ್ಮನಿಗೆ, ಶಾಮಲಾ ಗಂಡ ಮುನಿಕೃಷ್ಣನಿಗೆ, ಹೇಳ್ತಾ ಇದ್ರು. ಅಣ್ಣತಮ್ಮ ಮಾತಾಡ್ತಾರೆ, ಬಿಟ್ಟಿರೋದು ನಾವು ಹೆಂಗಸರು ಮಾತ್ರ. ಒಳಗೆ ಬಂದ ಮೇಲೆ ಬೈದೆ.

"ನಮ್ಮನೆ ಟಿವಿ ಕೆಟ್ಟರೆ ಅವರಿಗ್ಯಾಕ್ರೀ ವರದಿ?"

"ಅಯ್ಯೋ, ಟಿವಿ ತಾನೇ, ನಿನ್ನ ಮರ್ಯಾದೆ ಅಲ್ವಲ್ಲ" ಅಂದ್ರು.

ಇವರಿಗೆ ಏನು ಗೊತ್ತು.

ಅಕ್ಟೋಬರ್ 18, ಶನಿವಾರ

ನಾನು ಹೇಳಿದ್ದು ನಿಜ ಆಯ್ತು. ಇವತ್ತು ಆರು ಗಂಟೆಗೆ ಸರಿಯಾಗಿ ಶಾಮಲಾ ಟಿವಿ ಸೌಂಡು ಹೋದ ವಾರದ ಎರಡರಷ್ಟು. ಗೂಡಲ್ಲಿಟ್ಟ ದೀಪ ಅಲ್ಲಾಡಬೇಕು, ಹಾಗೆ. ನಮ್ಮನೇಲಿ ಸದ್ದಿಲ್ಲ ಅಂತ ತಿಳ್ಕೊಂಡು ಹೊಟ್ಟೆ ಉರಿಸೋಕೆ ಹೀಗೆ ಮಾಡ್ತಾಳೆ. ಉರಿಸಲಿ. ನನಗೇನು ನಷ್ಟ, ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸ್ತು.

ಇವತ್ತಿನದು: ಒಬ್ಬ ಡಾಕ್ಟರ ಹತ್ರ ಹೋಗಿ, "ನನಗೆ ಮರೆವು ಜಾಸ್ತಿ" ಅಂತಾನೆ. "ಎಷ್ಟು ದಿನದಿಂದ?" "ಏನು ಎಷ್ಟು ದಿನದಿಂದ?" ಹಳೇದೇ. ಆದರೆ ಆ ಡಾಕ್ಟರು ಎದ್ದು ಹೋಗಿ, ವಾಪಸ್ ಬಂದು, "ನೀವ್ಯಾರು?" ಅಂದನಲ್ಲ, ಅದು ಹೊಸದು. ನಗು ತಡೆಯೋಕೆ ಸೆರಗು ಬಾಯಿಗೆ ತುರುಕಿಕೊಂಡೆ. ಆಚೆ ಕೇಳಿಸಬಾರದು.

ಅಕ್ಟೋಬರ್ 22, ಬುಧವಾರ

ದೀಪಾವಳಿ. ಫ್ಯಾಕ್ಟರೀಲಿ ರಜ ಕೊಡಲಿಲ್ಲವಂತೆ. ಕಜ್ಜಾಯ ಮಾಡಿ ಅಮ್ಮನಿಗೆ ಎಡೆ ಇಟ್ಟೆ. ಪಾಕ ಚೆನ್ನಾಗಿ ಬಂದಿತ್ತು. ಎಷ್ಟು ಮೆತ್ತಗಿದೆ ಅಂತ ಹೇಳೋಕೆ ಯಾರೂ ಇಲ್ಲ. ನಾನೂ ಶಾಮಲಾನೂ ಒಂದೇ ಒಲೇಲಿ ಮಾಡ್ತಿದ್ದಾಗ ಅವಳು ತಟ್ಟೋಳು, ನಾನು ಎಣ್ಣೆಗೆ ಬಿಡೋಳು. ನನ್ನ ಕೈಗೆ ತಟ್ಟೋದು ಈಗಲೂ ಬರಲ್ಲ. ಇವತ್ತು ಎಲ್ಲಾ ಓರೆಕೋರೆ.

ಮಕ್ಕಳಿರೋ ಮನೇಲಿ ಪಟಾಕಿ. ನಮ್ಮನೇಲಿ ಮಕ್ಕಳಿಲ್ಲ.

ನವೆಂಬರ್ 1, ಶನಿವಾರ

ದಿವ್ಯ ಬೇರೆ ಪುಸ್ತಕ ಕೊಟ್ಟಿದ್ದಳು, ಬೆಂಗಳೂರಿನ ಒಬ್ಬರು ಬರೆದ ನಗೆಬರಹಗಳಂತೆ. ಮೂವತ್ತು ಪುಟಕ್ಕೆ ವಾಪಸ್ ಕೊಟ್ಟೆ. ಹಳ್ಳಿಯೋಳು ಲಿಫ್ಟು ಹತ್ತೋಕೆ ಹೆದರಿದಳು, ಕಮೋಡು ನೋಡಿ ಬಾವಿ ಅಂದಳು, ಇದೇ ಆಯ್ತು. ಹೆದರಿದವರನ್ನ ನೋಡಿ ಮೇಲೆ ನಿಂತು ನಗೋದು ನಗುವೇ ಅಲ್ಲ. ಜೊತೇಲಿ ಬಿದ್ದು ನಗಬೇಕು. 'ಬೀಗರ ಬಸ್ಸು' ಬರೆದವರು ಆ ಬಸ್ಸಲ್ಲಿ ತಾವೂ ಕೂತಿದ್ರು, ಅದಕ್ಕೇ ಅದು ಚೆನ್ನ.

ದಿವ್ಯ, "ಹೀಗೇ ಬರೀತಿದೀರಾ ಅಕ್ಕ?" ಅಂದಳು. "ಸ್ವಲ್ಪ ಬರೀತೀನಿ" ಅಂದೆ. "ತೋರ್ಸಿ." "ತೋರ್ಸಲ್ಲ."

ಸಂಜೆ ಆಚೆಮನೆ ಸೌಂಡು ಎಂದಿನ ಹಾಗೇ ಜೋರು. ಕುರ್ಚಿಯನ್ನ ಗೋಡೆಗೆ ಅಂಟಿಸಿ ಹಾಕ್ಕೊಂಡೆ. ಅವಳಿಗೆ ಕಿವಿ ಮಂದ ಆಗಿರಬಹುದು. ಅವರಮ್ಮನಿಗೂ ಹಾಗೇ ಆಗಿತ್ತು.

ನವೆಂಬರ್ 8, ಶನಿವಾರ

ಇವತ್ತಿನ ಕಿಲಕಿಲ ಕಟ್ಟೆ ನನಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಅಂತ ಬರೆದರೆ ಸಾಲದು.

ಒಬ್ಬ ಗಂಡಸು ಸೀರೆ ಉಟ್ಟು, ಬೇವಿನ ಸೊಪ್ಪು ಹಿಡಿದು ಬಂದ. ಮೈಮೇಲೆ ದೇವರು ಬಂದ ಹಾಗೆ ಕುಣಿದ. ಆಚೆ ಟಿವೀಲಿ ಜನ ಬಿದ್ದುಬಿದ್ದು ನಕ್ಕರು. "ನನಗೆ ಬಿರಿಯಾನಿ ಬೇಕೋ" ಅಂತಾನೆ ಅವನು. ಟಿವಿ ಆರಿಸಿದೆ. ಆಚೆ ಇನ್ನೂ ಓಡ್ತಾ ಇತ್ತು. ಆಮೇಲೆ ಹಿತ್ತಲ ಕಡೆಯಿಂದ ಯಾರೋ ಓಡಿ ಬಂದ ಹೆಜ್ಜೆ. ಅಲ್ಲೂ ಟಪ್ ಅಂತ ನಿಂತಿತು.

ಎರಡು ಮನೇಲೂ ಸದ್ದಿಲ್ಲ. ಗೋಡೆಗೆ ಆಚೆ ಅವಳು, ಈಚೆ ನಾನು.

ಬರೆದೇಬಿಡ್ತೀನಿ. ಸುಳ್ಳು ಬರೆಸಬೇಡ ಅಂತ ಅಮ್ಮನನ್ನ ಕೇಳಿದವಳು ನಾನೇ.

ನಾಲ್ಕು ವರ್ಷದ ಕೆಳಗೆ ಸಪ್ಪಲಮ್ಮನಿಗೆ ತಂಬಿಟ್ಟಿನ ಆರತಿ. ಅದರ ಹಿಂದಿನ ದಿನ ನಾನೂ ಶಾಮಲಾನೂ ದೊಡ್ಡಬಳ್ಳಾಪುರಕ್ಕೆ ಹೋಗಿದ್ವಿ. ಒಂದು ಸೀರೆ ಅಂಗಡೀಲಿ ಅವಳು ನವಿಲು ಬಣ್ಣದ ಒಂದು ಸೀರೆ ಹಿಡ್ಕೊಂಡು ಬಿಡಲೇ ಇಲ್ಲ. ಅಂಚಿನ ತುಂಬ ಗಿಣಿ. ಮುನಿಕೃಷ್ಣ ಫೋನಲ್ಲೇ ಬೇಡ ಅಂದ. ಬಸ್ಸಲ್ಲಿ ದಾರಿಯುದ್ದಕ್ಕೂ ಅದೇ ಮಾತು, "ಅಕ್ಕಾ, ಆ ಗಿಣಿ ನೋಡಿದ್ಯಾ, ಆ ಗಿಣಿ ನೋಡಿದ್ಯಾ".

ಮಾರನೇ ದಿನ ಗುಡೀಲಿ ಅವಳ ಮೈಮೇಲೆ ಅಮ್ಮ ಬಂದಳು. ಮೊದಲಿಂದ್ಲೂ ಬರ್ತಿದ್ದಳು. ಊರೆಲ್ಲ ಕೈ ಮುಗಿದು ನಿಂತಿತ್ತು. ಪೂಜಾರಿ ಚಿಕ್ಕಬೀರಪ್ಪ, "ಏನಾಗಬೇಕು ತಾಯಿ?" ಅಂದ. ಅವಳು ಕೂದಲು ಬಿಟ್ಟುಕೊಂಡು ತೂಗ್ತಾ, "ನನಗೆ ಸೀರೆ ಬೇಕು. ನವಿಲು ಬಣ್ಣದ ಸೀರೆ. ಗಿಣಿ ಅಂಚು" ಅಂದಳು.

ನಾನು ನಕ್ಕುಬಿಟ್ಟೆ. ಸಣ್ಣಗೆ ಅಲ್ಲ. ಹೊಟ್ಟೆಯಿಂದ ಬಂತು. ಯಾಕೆ ನಗ್ತೀಯ ಅಂತ ಪಕ್ಕದವಳು ಕೇಳಿದ್ಲು, ಹಿಂದಿನ ದಿನ ಅಂಗಡೀಲಿ ನಡೆದಿದ್ದನ್ನ ಬಾಯಿ ತಡೀದೆ ಹೇಳಿಬಿಟ್ಟೆ. ಅವಳಿಂದ ಇನ್ನೊಬ್ಬಳಿಗೆ. ಗುಡಿ ತುಂಬ ನಗು. ಶಾಮಲಾ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಅಮ್ಮ ಆ ಕ್ಷಣಕ್ಕೇ ಇಳಿದುಹೋದಳು, ಇಲ್ಲಿವರೆಗೂ ಅವಳ ಮೇಲೆ ಮತ್ತೆ ಬಂದಿಲ್ಲ. ಶಾಮಲಾ ಕರ್ಪೂರ ಹಚ್ಚಿ, ಅಂಗೈಲಿ ಬಡಿದು ಆರಿಸಿ, "ಇವಳ ಜೊತೆ ಮಾತಾಡಿದರೆ ನನ್ನ ಮನೆ ದೀಪ ಹೀಗೆ ಆರಲಿ" ಅಂದಳು. ನನಗೂ ಕೋಪ. ನಾನೂ ಒಂದು ಕರ್ಪೂರ ಹಚ್ಚಿ ಆರಿಸಿದೆ.

ಆಣೆ ಇಟ್ಟಾಗಿದೆ. ಅದನ್ನ ಬಿಡಿಸಬೇಕಾದರೆ ಇಬ್ಬರೂ ಒಟ್ಟಿಗೆ ಗುಡಿಗೆ ಹೋಗಿ ತಪ್ಪು ಕಾಣಿಕೆ ಕಟ್ಟಿ, ಪೂಜಾರಿ ಕೈಯಿಂದ ಒಟ್ಟಿಗೆ ತೀರ್ಥ ತಗೋಬೇಕು. ಒಟ್ಟಿಗೆ ಹೋಗೋಣ ಬಾ ಅಂತ ಕರೆಯೋಕೆ ಮಾತಾಡಬೇಕು. ಮಾತಾಡೋ ಹಾಗಿಲ್ಲ.

ನಾನು ನಕ್ಕಿದ್ದು ಶಾಮಲಾನ ನೋಡಿಯೋ, ಅಮ್ಮನ್ನ ನೋಡಿಯೋ? ನಾಲ್ಕು ವರ್ಷದಿಂದ ದಿನಾ ದೀಪದ ಮುಂದೆ ಇದನ್ನೇ ಕೇಳ್ತೀನಿ.

ನವೆಂಬರ್ 15, ಶನಿವಾರ

ಆರು ಗಂಟೆಗೆ ಗೋಡೆ ಪಕ್ಕ ಕೂತೆ. ಆಚೆ ಸದ್ದೇ ಇಲ್ಲ.

ನವೆಂಬರ್ 16, ಭಾನುವಾರ

ಇವತ್ತೂ ಇಲ್ಲ. ಯಜಮಾನ್ರು ಬಂದಿದ್ರು, ಊಟ ಮಾಡಿ ಮಲಗಿದ್ರು. ಪಾಪ, ವಾರವೆಲ್ಲ ನಿಂತೇ ಕೆಲಸ. ನಾನು ಚಿತ್ರ ನೋಡ್ತಾ ಅವರು ಏನು ಮಾತಾಡ್ತಿರಬಹುದು ಅಂತ ನಾನೇ ಕಟ್ಟಿಕೊಂಡೆ. ಒಬ್ಬ ದಪ್ಪನೆಯವನು ಸಣ್ಣವನಿಗೆ ಬೆರಳು ತೋರಿಸಿ ಏನೋ ಅಂದ. "ಊಟ ಆಯ್ತೇನೋ?" ಅಂದ ಅಂತ ಇಟ್ಟುಕೊಂಡೆ. ಸಣ್ಣವನು ತಲೆ ಆಡಿಸಿದ. ಸರಿಹೋಯ್ತು. ನಗು ಬರಲಿಲ್ಲ, ಆದ್ರೂ ಸರಿಹೋಯ್ತು.

ನವೆಂಬರ್ 22, ಶನಿವಾರ

ಬಂತು! ಆರು ಗಂಟೆ ಆಗೋಕೆ ಮುಂಚೇನೇ, ಬಿಸ್ಕತ್ತಿನ ಜಾಹೀರಾತಿನಿಂದ್ಲೇ ಬಂತು. ಎಷ್ಟು ಜೋರು ಅಂದ್ರೆ ಗೋಡೆ ಮೇಲಿನ ಕ್ಯಾಲೆಂಡರಿಗೆ ಕೈ ಇಟ್ಟರೆ ಜುಮ್ ಅನ್ನುತ್ತೆ.

ಇವತ್ತು ನಾದಿನಿ ಅತ್ತಿಗೆ ಒಂದೇ ಮಿಕ್ಸಿಗೆ ಕಿತ್ತಾಡೋ ಕಥೆ. ಮಿಕ್ಸಿ ಒಬ್ಬಳ ಹತ್ರ, ಜಾರು ಇನ್ನೊಬ್ಬಳ ಹತ್ರ. ಎರಡು ಮನೇಲೂ ಚಟ್ನಿ ಇಲ್ಲ. ಸೆರಗು ಬಾಯಿಗೆ ಹಾಕ್ಕೊಳ್ಳೋಕೆ ಮರೆತೆ. ಜೋರಾಗೇ ನಕ್ಕಿರಬೇಕು. ಕೇಳಿಸಿದರೆ ಕೇಳಿಸಲಿ.

ನವೆಂಬರ್ 23, ಭಾನುವಾರ

ಯಜಮಾನ್ರು ಪಕ್ಕದೂರು ಮಧುರೆಯಿಂದ ರಿಪೇರಿ ಅಂಬರೀಶನ್ನ ಕರ್ಕೊಂಡು ಬಂದಿದ್ರು. ಹತ್ತು ನಿಮಿಷದ ಕೆಲಸ. ಸೌಂಡು ಬಂತು. "ಈಗ ಖುಷೀನಾ?" ಅಂದ್ರು. "ಹೂಂ" ಅಂದೆ. ನನ್ನ ಮುಖ ಅವರ ಕಣ್ಣಿಗೆ ಬೀಳಬಾರದು ಅಂತ ಒಳಗೆ ಹೋಗಿ ಕಾಫಿ ಇಟ್ಟೆ. ಯಾಕೆ ಅಂತ ಗೊತ್ತಿಲ್ಲ.

ನವೆಂಬರ್ 29, ಶನಿವಾರ

ಟಿವಿ ಹಾಕಿದ ತಕ್ಷಣ ರಿಮೋಟಲ್ಲಿ ಸೌಂಡು ಪೂರ್ತಿ ಬಂದ್ ಮಾಡಿದೆ. ಗೋಡೆಯಿಂದ ಬರ್ತಾನೇ ಇದೆ, ಎರಡೆರಡು ಸೌಂಡು ಯಾಕೆ, ಕರೆಂಟು ದಂಡ. ಅದೂ ಅಲ್ಲದೆ ನಗು ಮೊದಲು ಬಂದು ಮಾತು ಆಮೇಲೆ ಬರೋದೇ ಅಭ್ಯಾಸ ಆಗಿಹೋಗಿದೆ.

ಡಿಸೆಂಬರ್ 6, ಶನಿವಾರ

ಕಿಲಕಿಲ ಕಟ್ಟೆ ನಡೀತಿತ್ತು. ಜಾಹೀರಾತು ಬಂದಾಗ ಒಣಗಹಾಕಿದ ಬಟ್ಟೆ ತರೋಕೆ ಹಿತ್ತಲಿಗೆ ಹೋದೆ. ಬೇಲಿಯಾಚೆ ಶಾಮಲಾ ಕೊಟ್ಟಿಗೇಲಿ ಕೂತು ಹಾಲು ಕರೀತಾ ಇದ್ದಳು. ಬೆನ್ನು ನನ್ನ ಕಡೆ. ಅವರ ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ. ಮುನಿಕೃಷ್ಣ ದೇವನಹಳ್ಳಿಗೆ ಹೋಗಿದಾನೆ, ಬೆಳಗ್ಗೆ ನೋಡಿದ್ದೆ.

ಒಳಗೆ ಟಿವಿ ಒಂದೇ ನಗ್ತಾ ಇತ್ತು.

ಡೈರಿಗೆ ಹಾಲು ಹಾಕೋ ಹೊತ್ತು ಆರೂವರೆ. ಆರಕ್ಕೆ ಕರೆಯೋಕೆ ಕೂರಲೇಬೇಕು. ದಿನಾ ಕೂರ್ತಾಳೆ. ಅಂದ್ರೆ ಒಂದು ಶನಿವಾರವೂ ಅವಳು ಇದನ್ನ ನೋಡಿಲ್ಲ.

ನಾನು ಬಟ್ಟೆ ತರೋದನ್ನ ಮರೆತು ಒಳಗೆ ಬಂದೆ. ಗೋಡೆಗೆ ಅಂಟಿದ್ದ ಕುರ್ಚೀಲಿ ಕೂತೆ. ಬಟ್ಟೆ ಇಬ್ಬನೀಲಿ ನೆಂದುಹೋಗಿದೆ.

ಡಿಸೆಂಬರ್ 7, ಭಾನುವಾರ

ಬೆಳಗ್ಗೆ ಪೂಜೆಗೆ ಕೂತಾಗ ಹೊಳೀತು. ಬಂದಿದ್ದು ಅಮ್ಮನೋ, ಕೇಳಿದ್ದು ಶಾಮಲಾನೋ, ಅದನ್ನ ನಾನು ನಾಲ್ಕು ವರ್ಷ ಅಳೆದು ತೂಗಿದೆ. ಯಾರೇ ಆಗಲಿ, ಸೀರೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ರು. ಎಲ್ಲರೂ ನಕ್ಕೆವು. ಒಬ್ಬರೂ ಕೊಡಲಿಲ್ಲ.

ಡಿಸೆಂಬರ್ 9, ಮಂಗಳವಾರ

ದೊಡ್ಡಬಳ್ಳಾಪುರಕ್ಕೆ ಒಬ್ಬಳೇ ಹೋಗಿಬಂದೆ. ಅದೇ ಅಂಗಡಿ. ನವಿಲು ಬಣ್ಣ ಸಿಕ್ತು, ಗಿಣಿ ಅಂಚು ಸಿಗೋದು ಕಷ್ಟ ಆಯ್ತು. ಅಟ್ಟದ ಮೇಲಿಂದ ಒಂದು ತೆಗೆದರು. "ಗಿಣೀನೇನಪ್ಪಾ ಇದು?" ಅಂದೆ. "ಗಿಣಿ ಅಲ್ದೆ ಇನ್ನೇನಮ್ಮಾ?" ಅಂದ, ಹುಡುಕಿ ಸಾಕಾಗಿದ್ದ ಅಂಗಡಿಯವನು. ನನಗೆ ಅನುಮಾನ ಇತ್ತು. ತಗೊಂಡೆ.

ಬಸ್ಸಿಳಿದು ಸೀದಾ ಚಿಕ್ಕಬೀರಪ್ಪನ ಮನೆಗೆ ಹೋದೆ. ಶುಕ್ರವಾರ ಈ ಸೀರೆ ಅಮ್ಮನಿಗೆ ಉಡಿಸಿ, ಆಮೇಲೆ ಪ್ರಸಾದ ಅಂತ ಅದನ್ನ ಶಾಮಲಾಗೆ ಕೊಡಬೇಕು ಅಂದೆ. ಅವನು ನನ್ನ ಮುಖವನ್ನೇ ನೋಡಿದ.

"ಆಣೆ?"

"ಅದನ್ನೂ ಬಿಡಿಸಪ್ಪ. ಕರೆಯೋಕೆ ನನಗೆ ಬಾಯಿಲ್ಲ."

"ಕರೆಯೋದು ನನ್ನ ಕೆಲಸ ಕಣಮ್ಮಾ. ಇಷ್ಟು ವರ್ಷ ಎಲ್ಲಿದ್ರಿ ಇಬ್ಬರೂ?"

ಗೋಡೆ ಆಚೆ ಈಚೆ ಅನ್ನಬೇಕು ಅಂತಿದ್ದೆ. ಅನ್ನಲಿಲ್ಲ.

ಡಿಸೆಂಬರ್ 12, ಶುಕ್ರವಾರ

ಬರ್ತಾಳೋ ಇಲ್ವೋ ಅಂದ್ಕೊಳ್ತಾನೇ ಅರಿಶಿನದ ಬಟ್ಟೇಲಿ ಕಾಣಿಕೆ ಕಟ್ಟಿದೆ. ಬಂದಳು. ತಲೆ ತುಂಬ ಸೆರಗು, ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಕಂಬದ ಆಚೆ ಅವಳು, ಈಚೆ ನಾನು.

ಚಿಕ್ಕಬೀರಪ್ಪ ತೆರೆ ಸರಿಸಿದ. ನವಿಲು ಬಣ್ಣದ ಸೀರೇಲಿ ಅಮ್ಮ ಎಷ್ಟು ಲಕ್ಷಣವಾಗಿದ್ದಳು ಅಂದ್ರೆ ಕಣ್ಣು ತುಂಬಿಬಂತು. ಮಂಗಳಾರತಿ ಎತ್ತಿದ. ಆ ಬೆಳಕು ಅಂಚಿನ ಮೇಲೆ ಬಿತ್ತು. ನನ್ನ ಅನುಮಾನ ಸರಿಯಾಗೇ ಇತ್ತು. ದಪ್ಪ ಹೊಟ್ಟೆ, ತಲೆ ಮೇಲೆ ಜುಟ್ಟು.

ಕಂಬದ ಪಕ್ಕದಿಂದ ಒಂದು ಸದ್ದು. ಮೊದಲು ಅಳ್ತಾಳೆ ಅಂದ್ಕೊಂಡೆ. ಸೆರಗು ಬಾಯಿಗೆ ತುರುಕಿಕೊಂಡು ಶಾಮಲಾ ಅಲ್ಲಾಡ್ತಾ ಇದ್ದಳು. ತಡೆಯೋಕೆ ಆಗಲಿಲ್ಲ ಅವಳಿಗೆ. ನಾಲ್ಕು ವರ್ಷದ ಕೆಳಗೆ ನಾನು ನಕ್ಕ ಜಾಗದಲ್ಲೇ, ಅದಕ್ಕಿಂತ ಜೋರಾಗಿ.

"ಅಕ್ಕಾ, ಗಿಣಿ ಅಲ್ಲ ಕಣಕ್ಕಾ... ಕೋಳಿ!"

ಪೂಜಾರಿಗೆ ಗಾಬರಿ. "ಎಲಾ ಇವಳಾ! ತೀರ್ಥ ಕೊಡೋಕೆ ಮುಂಚೇನೇ ಮಾತಾಡಿಬಿಟ್ಟಳಲ್ಲ! ಕೈ ಹಿಡೀರಿ, ಇಬ್ಬರೂ ಕೈ ಹಿಡೀರಿ ಬೇಗ!" ಅಂತ ಅರ್ಧ ತಂಬಿಗೆ ತೀರ್ಥ ನಮ್ಮಿಬ್ಬರ ಕೈಗೂ ಮೊಣಕೈಗೂ ಹುಯ್ದುಬಿಟ್ಟ. ಕುಡಿದಿದ್ದು ಕಮ್ಮಿ, ಚೆಲ್ಲಿದ್ದು ಜಾಸ್ತಿ.

ಅಮ್ಮ ಏನೂ ಅಂದ್ಕೊಂಡಿಲ್ಲ. ಬಲಗಡೆ ಹೂವು ಕೊಟ್ಟಳು.

ಡಿಸೆಂಬರ್ 13, ಶನಿವಾರ

ಇವತ್ತಿನ ಕಿಲಕಿಲ ಕಟ್ಟೆ ಹೇಗಿತ್ತೋ ಗೊತ್ತಿಲ್ಲ. ಡೈರಿಗೆ ಹಾಲು ಹಾಕಿ ಶಾಮಲಾ ಖಾಲಿ ಕ್ಯಾನು ಹಿಡ್ಕೊಂಡೇ ಮುಂಬಾಗಿಲಿಂದ ಬಂದಳು. ಕೋಳಿ ಸೀರೆ ಉಟ್ಟಿದ್ದಳು. ಹಾಲು ಹಾಕೋಕೂ ಅದನ್ನೇ ಉಟ್ಟು ಹೋಗಿದ್ದಾಳೆ, ಹುಚ್ಚಿ.

ಗೋಡೆಗೆ ಅಂಟಿದ್ದ ಕುರ್ಚಿ ನೋಡಿದಳು. ಅದರಲ್ಲೇ ಕೂತಳು.

"ನೀನು ನಕ್ಕಾಗಲೆಲ್ಲ ನಮ್ಮ ಹಸು ಬೆಚ್ಚಿ ಕಾಲು ಎತ್ತೋದು ಅಕ್ಕಾ. ಎರಡು ಸಲ ಹಾಲು ಒದ್ದುಬಿಡ್ತು. ಅಂಥಾದ್ದೇನು ಹೇಳ್ತಿದ್ರು ಅದರಲ್ಲಿ? ನಾನು ಒಂದೂ ನೋಡಲಿಲ್ಲ."

ಬಾಯಲ್ಲಿ ಹೇಳೋಕೆ ಹೋದೆ, ನೆನಪಾಗಲಿಲ್ಲ. ಈ ಬುಕ್ಕು ತಂದೆ. ಡಾಕ್ಟರದ್ದು ಓದಿದೆ, ಮಿಕ್ಸಿಯದ್ದು ಓದಿದೆ, 'ಬೀಗರ ಬಸ್ಸು' ಪೂರ್ತಿ ಹೇಳಿದೆ. ಮಿಕ್ಸಿಗೆ ಅವಳು ಎಷ್ಟು ನಕ್ಕಳು ಅಂದ್ರೆ ಕ್ಯಾನು ಉರುಳಿಹೋಯ್ತು. ನಡುನಡುವೆ ಪುಟ ಹಾರಿಸ್ತಿದ್ದೆ.

"ಯಾಕಕ್ಕಾ ಅಷ್ಟೊಂದು ಪುಟ ಬಿಡ್ತೀಯ?"

"ಅಲ್ಲಿ ನಗು ಬರೋ ಅಂಥಾದ್ದೇನಿಲ್ಲ" ಅಂದೆ.

ಅವಳು ಉರುಳಿದ್ದ ಕ್ಯಾನು ಎತ್ತಿ ನಿಲ್ಲಿಸಿದಳು. ಆಮೇಲೆ, "ಊಟ ಆಯ್ತಾ?" ಅಂದಳು.

ಇಲ್ಲ ಅಂದೆ.